ಕೇಳಬೇಕಾದ ಪ್ರಶ್ನೆ, ಹೇಳಬೇಕಾದ ಮಾತು

ಗರ್ಭನಿರೋಧಕ ಮಾತ್ರೆಯ ಹೆಸರೆತ್ತುವುದಕ್ಕೂ ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಸಂಕೋಚ. ಆದರೆ ಅದನ್ನು ಸೇವಿಸುವವರೆಲ್ಲರೂ ಮಕ್ಕಳು ಬೇಡವೆಂದೇ ಸೇವಿಸುವುದಿಲ್ಲ. ಮುಟ್ಟಿನ ಏರುಪೇರು, ಅತಿಯಾದ ರಕ್ತಸ್ರಾವ, ಪಿ.ಸಿ.ಓ.ಡಿ.ಯಂತಹ ತೊಂದರೆಗಳಿಗೂ ವೈದ್ಯರು ಈ ಮಾತ್ರೆಯನ್ನೇ ಬರೆದುಕೊಡುವುದುಂಟು. ಜಗದ್ಗುರು ಆರನೇ ಪೌಲರು 1968ರಲ್ಲಿ ಹೊರಡಿಸಿದ ‘ಹುಮಾನೇ ವೀತೇ’ ವಿಶ್ವಪತ್ರವು ಕೃತಕ ಗರ್ಭನಿರೋಧವನ್ನು ಒಪ್ಪುವುದಿಲ್ಲ. ಆದರೆ ದೇಹದ ರೋಗವನ್ನು ಗುಣಪಡಿಸಲು ಅಗತ್ಯವಾದ ಚಿಕಿತ್ಸೆಯನ್ನು ಅದು ತಡೆಯುವುದೂ ಇಲ್ಲ. ಹೀಗಿದ್ದರೂ ನಮ್ಮ ಹೆಣ್ಣುಮಕ್ಕಳು ಈ ಮಾತ್ರೆಯನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಡುತ್ತಾರೆ.

ನನ್ನ ತಂಗಿಯ ಮಗಳೂ ಹಾಗೆಯೇ ಬಚ್ಚಿಟ್ಟಿದ್ದಳು. ಮುಟ್ಟಿನ ತೊಂದರೆಗೆಂದು ಆರಂಭಿಸಿದ ಮಾತ್ರೆ ಅದು. ಮೂರನೆಯ ತಿಂಗಳಲ್ಲಿ ಅವಳ ಎಡಗಾಲಿನ ಮೀನಖಂಡ ಊದಿಕೊಂಡು ನೋಯತೊಡಗಿತು. ಆಸ್ಪತ್ರೆಯಲ್ಲಿ, “ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀಯಾ ಅಮ್ಮಾ?” ಎಂದು ವೈದ್ಯರು ಕೇಳಿದಾಗ, ಪಕ್ಕದಲ್ಲಿ ಮಾವನವರು ನಿಂತಿದ್ದರೆಂದು ಅವಳು ಇಲ್ಲವೆಂದಳು. ಎಲ್ಲರನ್ನೂ ಹೊರಗೆ ಕಳುಹಿಸಿ ದಾದಿಯೊಬ್ಬರು ಮತ್ತೆ ಕೇಳಿದ ಮೇಲೆಯೇ ಸತ್ಯ ಹೊರಬಿದ್ದಿತು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದು ಸ್ಕ್ಯಾನಿಂಗ್‌ನಲ್ಲಿ ಕಂಡಿತು. ಹೆರಿಗೆಯ ನಂತರ ಅವಳ ತಾಯಿಗೂ ಹೀಗೆಯೇ ಆಗಿತ್ತು. ಮಾತ್ರೆ ಬರೆದುಕೊಟ್ಟವರು ಅದನ್ನು ಕೇಳಿರಲಿಲ್ಲ. ತಿಂಗಳುಗಟ್ಟಲೆ ಔಷಧ ಸೇವಿಸಿ, ದೇವರ ದಯೆಯಿಂದ ಈಗ ಗುಣಮುಖಳಾಗಿದ್ದಾಳೆ.

ಇಂತಹ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಎರಡು ಹಾರ್ಮೋನುಗಳಿರುತ್ತವೆ. ಅವುಗಳಲ್ಲಿ ಒಂದಾದ ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸುತ್ತದೆ. ಯುರೋಪಿನ ಔಷಧ ಸಂಸ್ಥೆಯು 2013ರಲ್ಲಿ ನೀಡಿದ ಲೆಕ್ಕದಂತೆ, ಮಾತ್ರೆ ಸೇವಿಸದ ಹಾಗೂ ಗರ್ಭಿಣಿಯರಲ್ಲದ 10,000 ಸ್ತ್ರೀಯರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ಹೀಗಾಗುತ್ತದೆ. ಲಿವೊನಾರ್ಜೆಸ್ಟ್ರೆಲ್ ಇರುವ ಮಾತ್ರೆ ಸೇವಿಸುವವರಲ್ಲಿ 5ರಿಂದ 7, ಡ್ರಾಸ್ಪಿರಿನೋನ್ ಇರುವ ಮಾತ್ರೆಯಲ್ಲಿ 9ರಿಂದ 12. ಗರ್ಭಿಣಿಯರಿಗೂ ಬಾಣಂತಿಯರಿಗೂ ಈ ಅಪಾಯ ಇನ್ನೂ ಹೆಚ್ಚು. ಆದುದರಿಂದ ಬಹುಪಾಲು ಸ್ತ್ರೀಯರು ಹೆದರಬೇಕಾಗಿಲ್ಲ; ಅಂಡಾಶಯದ ಕ್ಯಾನ್ಸರಿನ ಸಾಧ್ಯತೆಯನ್ನು ಇದೇ ಮಾತ್ರೆ ತಗ್ಗಿಸುತ್ತದೆ. ಆದರೆ ರಕ್ತದೊತ್ತಡ ಉಳ್ಳವರು, ಕಣ್ಣಮುಂದೆ ಮಿಂಚು ಕಾಣಿಸಿಕೊಂಡು ಅರೆತಲೆನೋವು ಬರುವವರು, ಧೂಮಪಾನ ಮಾಡುವ 35 ದಾಟಿದವರು, ಹಸಿ ಬಾಣಂತಿಯರು, ತಮಗಾಗಲಿ ಹತ್ತಿರದ ರಕ್ತಸಂಬಂಧಿಗಳಿಗಾಗಲಿ ರಕ್ತ ಹೆಪ್ಪುಗಟ್ಟಿದ್ದವರು ಇದನ್ನು ವೈದ್ಯರಿಗೆ ಹೇಳಲೇಬೇಕು. ಒಂದು ಕಾಲು ಮಾತ್ರ ಊದಿಕೊಳ್ಳುವುದು, ಹಠಾತ್ ಉಸಿರಾಟದ ತೊಂದರೆ, ಎದೆನೋವು, ಸಹಿಸಲಾಗದ ತಲೆನೋವು, ಮಾತು ತೊದಲುವುದು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಈ ಎಚ್ಚರಿಕೆಯ ಮಾತುಗಳು ಸುಲಭವಾಗಿ ದೊರೆತವಲ್ಲ. ಅಮೆರಿಕದಲ್ಲಿ 1960ರಲ್ಲಿ ಮಾತ್ರೆಗೆ ಅನುಮತಿ ಸಿಕ್ಕಿತು. 1970ರಲ್ಲಿ ಅದರ ಅಪಾಯಗಳ ಬಗ್ಗೆ ಅಲ್ಲಿನ ಸೆನೆಟ್ ವಿಚಾರಣೆ ನಡೆಸಿದಾಗ, ಮಾತ್ರೆ ಸೇವಿಸಿದ ಸ್ತ್ರೀಯರನ್ನೇಕೆ ಕರೆದಿಲ್ಲವೆಂದು ಮಹಿಳೆಯರು ಸಭೆಯಲ್ಲೇ ಎದ್ದುನಿಂತು ಪ್ರಶ್ನಿಸಿದರು. ಮಾತ್ರೆಯ ಜೊತೆ ಎಚ್ಚರಿಕೆಯ ಚೀಟಿ ಇರಬೇಕೆಂಬ ನಿಯಮ ಅಲ್ಲಿ ಆ ವರ್ಷವೇ ಬಂದಿತು. ನಾವು ಡಬ್ಬಿ ಒಡೆದ ಕೂಡಲೇ ಎಸೆಯುವುದು ಅಂತಹ ಚೀಟಿಯನ್ನೇ.

“ದೊಡ್ಡಮ್ಮಾ, ಇದಕ್ಕೆ ಕಾನೂನಿನಲ್ಲಿ ದಾರಿಯಿಲ್ಲವೇ?” ಎಂದು ಅವಳು ಕೇಳಿದಳು. ನಮ್ಮ ಧರ್ಮಕೇಂದ್ರದ ವಕೀಲರೊಬ್ಬರು ತಾಳ್ಮೆಯಿಂದ ವಿವರಿಸಿದರು. 2019ರ ಗ್ರಾಹಕರ ಸಂರಕ್ಷಣಾ ಕಾಯಿದೆಯಂತೆ, ಸಾಕಷ್ಟು ಎಚ್ಚರಿಕೆ ನೀಡದ ತಯಾರಕರಿಂದ ಪರಿಹಾರ ಕೇಳಬಹುದು. ಹಣ ಪಡೆದು ಚಿಕಿತ್ಸೆ ನೀಡುವ ವೈದ್ಯರೂ ಗ್ರಾಹಕ ಕಾನೂನಿಗೆ ಒಳಪಡುತ್ತಾರೆಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪಿತ್ತಿದೆ. ದೂರನ್ನು ಎರಡು ವರ್ಷದೊಳಗೆ ಸಲ್ಲಿಸಬೇಕು. ಆದರೆ ಅಡ್ಡಪರಿಣಾಮ ಆದ ಮಾತ್ರಕ್ಕೆ ಪರಿಹಾರ ಸಿಗುವುದಿಲ್ಲ; ಎಚ್ಚರಿಕೆಯ ಕೊರತೆಯನ್ನೋ ನಿರ್ಲಕ್ಷ್ಯವನ್ನೋ ತೋರಿಸಬೇಕು. ಎಲ್ಲರಿಗೂ ಉಚಿತವಾಗಿಯೇ ಚಿಕಿತ್ಸೆ ನೀಡುವ ಆಸ್ಪತ್ರೆಗಳಿಗೆ ಈ ಕಾನೂನು ಅನ್ವಯಿಸದು. “ವೈದ್ಯರ ಚೀಟಿ, ಅಂಗಡಿಯ ರಸೀದಿ, ಖಾಲಿ ಪಟ್ಟಿ ಇವೆಯೇ ತಾಯೀ?” ಎಂದು ಅವರು ಕೇಳಿದರು. ಒಂದೂ ಇರಲಿಲ್ಲ. ಗುಟ್ಟಾಗಿ ಸೇವಿಸಿದ ಮಾತ್ರೆಯ ಗುರುತುಗಳನ್ನೂ ಗುಟ್ಟಾಗಿಯೇ ಅಳಿಸಿಹಾಕಿದ್ದಳು.

ಆದರೂ ಒಂದು ಕೆಲಸ ಸಾಧ್ಯವಾಯಿತು. ಔಷಧಗಳ ಅಡ್ಡಪರಿಣಾಮವನ್ನು ದಾಖಲಿಸಲು ಭಾರತದಲ್ಲಿ 2010ರಿಂದ ‘ಫಾರ್ಮಾಕೋವಿಜಿಲೆನ್ಸ್’ ಎಂಬ ರಾಷ್ಟ್ರೀಯ ಕಾರ್ಯಕ್ರಮವಿದೆ. ರೋಗಿಯೇ ಅಲ್ಲಿಗೆ ವರದಿ ಮಾಡಬಹುದು. ಅವಳು ಮಾಡಿದಳು. ಅದರಿಂದ ಅವಳಿಗೆ ಹಣ ಬರುವುದಿಲ್ಲ. ಆದರೆ ಇಂತಹ ವರದಿಗಳು ಕೂಡಿದಾಗಲೇ ಮುಂದಿನವರಿಗೆ ಎಚ್ಚರಿಕೆ ಹುಟ್ಟುತ್ತದೆ.

ತಾಯಂದಿರೇ, ನಿಮ್ಮ ಹೆಣ್ಣುಮಕ್ಕಳಿಗೆ ನಿಮ್ಮ ಆರೋಗ್ಯದ ಕಥೆಯನ್ನು ತಿಳಿಸಿರಿ. ಗಂಡಂದಿರೇ, ವೈದ್ಯರ ಕೋಣೆಯಲ್ಲಿ ನಿಮ್ಮ ಪತ್ನಿಗೆ ಒಬ್ಬಳೇ ಮಾತನಾಡುವ ಅವಕಾಶ ಕೊಡಿರಿ. ನಮ್ಮ ದೇಹ ಪವಿತ್ರಾತ್ಮರ ಆಲಯವೆಂದು ನಂಬುವ ನಮಗೆ, ಅದರ ನೋವನ್ನು ಬಾಯಿಬಿಟ್ಟು ಹೇಳುವುದು ನಾಚಿಕೆಯ ಸಂಗತಿಯಾಗಬಾರದು.