ಬೀಗ ಹೊತ್ತ ಸೈಕಲ್ಲುಗಳ ಊರು

ಆಮ್‌ಸ್ಟರ್‌ಡಾಮಿನ ಸೆಂಟ್ರಲ್ ರೈಲು ನಿಲ್ದಾಣದ ಮುಂದೆ ಐದು ನಿಮಿಷ ಸುಮ್ಮನೆ ನಿಲ್ಲಬೇಕು. ಕೋಟು ತೊಟ್ಟ ಅಧಿಕಾರಿ, ಮುಂದೊಂದು ಹಿಂದೊಂದು ಮಗುವನ್ನು ಕೂರಿಸಿಕೊಂಡ ತಾಯಿ, ಎಪ್ಪತ್ತು ದಾಟಿದ ಅಜ್ಜಿ, ಎಲ್ಲರೂ ಸೈಕಲ್ ಮೇಲೆಯೇ. ನೆದರ್ಲೆಂಡ್ಸ್‌ನಲ್ಲಿ ಜನರಿಗಿಂತ ಸೈಕಲ್ಲುಗಳೇ ಹೆಚ್ಚು ಎಂಬುದು ಬಹಳ ಮಂದಿಗೆ ಗೊತ್ತು. ಆ ಸೈಕಲ್ಲುಗಳ ಜೊತೆಗೆ ಊರೆಲ್ಲ ಸುತ್ತುವ ಉಕ್ಕಿನ ಭಾರ ಮಾತ್ರ ಪ್ರವಾಸಿಗರ ಕಣ್ಣಿಗೆ ಬೀಳುವುದು ಕಡಿಮೆ.

ಸೈಕಲ್ಲು ಹೆಚ್ಚಿದ್ದಲ್ಲಿ ಸೈಕಲ್ ಕಳ್ಳರೂ ಹೆಚ್ಚು. ಕದ್ದದ್ದೋ, ಬೇಡವಾಗಿ ಎಸೆದದ್ದೋ, ಗಾಳಿಗೆ ಉರುಳಿದ್ದೋ, ಈ ನಗರದ ಕಾಲುವೆಗಳ ತಳದಿಂದ ವರ್ಷಕ್ಕೆ ಹನ್ನೆರಡು ಸಾವಿರಕ್ಕೂ ಮಿಕ್ಕಿ ಸೈಕಲ್ಲುಗಳನ್ನು ದೋಣಿಯ ಮೇಲಿನ ಯಂತ್ರದ ಕೈ ಎತ್ತಿ ಹಾಕಿದ್ದುಂಟು. ಹಾಗಾಗಿ ಅಲ್ಲಿನವರು ಒಂದು ಬೀಗವನ್ನು ನಂಬುವುದಿಲ್ಲ. ಎರಡು ಬೇಕು.

ಮೊದಲನೆಯದು ಹಿಂಚಕ್ರದ ಬಳಿ ಫ್ರೇಮಿಗೇ ಬಿಗಿದ ಕುದುರೆ ಲಾಳದ ಆಕಾರದ ಬೀಗ. ಕರ್ನಾಟಕದ ಹಳ್ಳಿ ಪಟ್ಟಣಗಳಲ್ಲಿ ಕಪ್ಪು ಸೈಕಲ್ ಓಡಿಸಿದ ಯಾರಿಗೂ ಇದು ಹೊಸದಲ್ಲ. ಸನ್ನೆ ಒತ್ತಿದರೆ ಸರಳೊಂದು ಚಕ್ರದ ಕಡ್ಡಿಗಳ ನಡುವೆ ಹಾಯ್ದು ಚಕ್ರ ನಿಲ್ಲುತ್ತದೆ. ಅಲ್ಲಿನ ಹೆಚ್ಚಿನ ಬೀಗಗಳಲ್ಲಿ ಸವಾರಿಯ ಹೊತ್ತು ಕೀಲಿ ಬೀಗದಲ್ಲೇ ಇರುತ್ತದೆ, ಹಾಕಿದಾಗ ಮಾತ್ರ ಕೈಗೆ ಬರುತ್ತದೆ. ಇದನ್ನು ಹೊರುವ ತಾಪತ್ರಯವೇ ಇಲ್ಲ. ಆದರೆ ಕಳ್ಳ ಸೈಕಲ್ಲನ್ನೇ ಹೆಗಲಿಗೇರಿಸಿಕೊಂಡು ಹೊರಟರೆ ಈ ಬೀಗ ಏನೂ ಮಾಡಲಾರದು. ಅದಕ್ಕೇ ಎರಡನೆಯ ಬೀಗ, ಸೈಕಲ್ಲನ್ನು ಕಂಬಿಗೋ ಸೇತುವೆಯ ಸರಳಿಗೋ ಕಟ್ಟಿಹಾಕುವ ದಪ್ಪ ಉಕ್ಕಿನ ಸರಪಳಿ. ತೂಕ ಎರಡು ಕಿಲೋ ಆಸುಪಾಸು. ಅದನ್ನು ಎಲ್ಲಿಟ್ಟುಕೊಂಡು ಹೋಗುವುದು?

ಸುಲಭವೆನಿಸುವುದು ಹ್ಯಾಂಡಲ್ಲಿಗೆ ನೇತುಹಾಕುವುದು. ಅತಿ ಕೆಟ್ಟದ್ದೂ ಅದೇ. ಒಂದು ಬದಿಗೆ ತೂಗಿದ ಭಾರ ಹ್ಯಾಂಡಲ್ಲನ್ನು ಆ ಬದಿಗೇ ಎಳೆಯುತ್ತದೆ. ರಸ್ತೆಯ ಪ್ರತಿ ಉಬ್ಬಿಗೂ ಸರಪಳಿ ಲೋಲಕದಂತೆ ಓಲಾಡುತ್ತದೆ. ಅದರ ತುದಿ ಮುಂಚಕ್ರದ ಕಡ್ಡಿಗಳಿಗೆ ಸಿಕ್ಕಿತೋ, ಚಕ್ರ ತಟ್ಟನೆ ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ. ಒಂಬತ್ತನೆಯ ತರಗತಿಯ ಜಡತ್ವದ ಪಾಠವನ್ನು ಹಲ್ಲು ಮುರಿದುಕೊಂಡು ಕಲಿಯಬೇಕಾಗಿಲ್ಲ. ಶಾಲೆಗೆ ಹೊರಟ ಮಗನ ಹ್ಯಾಂಡಲ್ಲಿನಲ್ಲಿ ನಂಬರ್ ಬೀಗ ಜೋತಾಡುತ್ತಿದ್ದರೆ ತಂದೆತಾಯಿಯರು ಒಮ್ಮೆ ತಡೆದು ನಿಲ್ಲಿಸುವುದು ಲೇಸು. ಬೆನ್ನಿಗೆ ಅಡ್ಡಲಾಗಿ ಹಾಕಿಕೊಳ್ಳುವುದೂ ಜಾಣತನವಲ್ಲ. ಬಿದ್ದಾಗ ನೆಲಕ್ಕೂ ಬೆನ್ನುಮೂಳೆಗೂ ನಡುವೆ ಉಕ್ಕು ಸಿಕ್ಕಿಕೊಳ್ಳುತ್ತದೆ.

ಡಚ್ಚರು ಕಂಡುಕೊಂಡ ಉಪಾಯಗಳಲ್ಲಿ ಆಡಂಬರವಿಲ್ಲ. ಸೀಟಿನ ಕೆಳಗಿನ ಕಂಬಿಗೆ ಸರಪಳಿಯನ್ನು ಎರಡು ಸುತ್ತು ಬಿಗಿಯಾಗಿ ಸುತ್ತಿ ಬೀಗ ಹಾಕಿಬಿಡುತ್ತಾರೆ. ಭಾರ ಸವಾರನ ಮೈಯಡಿಗೇ ಬರುವುದರಿಂದ ಎಡಬಲದ ಎಳೆತವಿಲ್ಲ, ಓಲಾಟವೂ ಇಲ್ಲ. ಬಣ್ಣ ಕೆರೆಯದಂತೆ ಸರಪಳಿಗೆ ಬಟ್ಟೆಯ ಗವಸು. ಮತ್ತೆ ಕೆಲವರ ಸೈಕಲ್ಲಿನ ಮುಂದೆ ತರಕಾರಿ ಹೊರುವ ಪೆಟ್ಟಿಗೆಯಿದೆ, ಸರಪಳಿಗೆ ಕೋಸುಗಡ್ಡೆಯ ಪಕ್ಕದಲ್ಲೇ ಜಾಗ. ಎಲ್ಲಕ್ಕಿಂತ ಅಚ್ಚುಕಟ್ಟಾದದ್ದು, ತುದಿಯ ಮೊಳೆಯನ್ನು ಹಿಂಚಕ್ರದ ಬೀಗಕ್ಕೇ ತೂರಿಸುವ ಸರಪಳಿ. ಎರಡಕ್ಕೂ ಒಂದೇ ಕೀಲಿ.

ಬೀಗವೇ ಬೇಡವೆಂದವರೂ ಈ ಊರಿನಲ್ಲಿದ್ದರು. 1965ರಲ್ಲಿ ಪ್ರೊವೊ ಎಂಬ ತರುಣರ ಗುಂಪು ಸೈಕಲ್ಲುಗಳಿಗೆ ಬಿಳಿ ಬಣ್ಣ ಬಳಿದು, ಯಾರು ಬೇಕಾದರೂ ಓಡಿಸಲಿ ಎಂದು ಬೀದಿಯಲ್ಲಿ ಬಿಟ್ಟಿತು. ಬೀಗವಿಲ್ಲದ ಸೈಕಲ್ಲು ಕಾನೂನಿಗೆ ವಿರುದ್ಧವೆಂದು ಪೊಲೀಸರು ಅವನ್ನು ಹೊತ್ತೊಯ್ದರು. ತರುಣರು ಬಿಡಲಿಲ್ಲ, ನಂಬರ್ ಬೀಗ ಹಾಕಿ, ಆ ನಂಬರನ್ನು ಸೈಕಲ್ಲಿನ ಮೇಲೆಯೇ ಬರೆದರು!

ಡೆಲ್ಫ್ಟ್, ಐಂಡ್‌ಹೋವನ್‌ಗಳಿಗೆ ಓದಲು ಹೋಗುವ ಕನ್ನಡದ ಹುಡುಗ ಹುಡುಗಿಯರಿಗೆ ಇದು ಬರೀ ಕಥೆಯಲ್ಲ. ತೀರಾ ಅಗ್ಗಕ್ಕೆ ಸಿಕ್ಕ ಹಳೆಯ ಸೈಕಲ್ಲು ಕದ್ದದ್ದಾಗಿರಬಹುದು. ಕದ್ದದ್ದೆಂದು ತಿಳಿದೂ ಕೊಂಡರೆ ಅಲ್ಲಿ ಅದು ಅಪರಾಧ. ಫ್ರೇಮಿನ ಮೇಲೆ ಕೊರೆದ ನಂಬರನ್ನು ಸರ್ಕಾರಿ ದಾಖಲೆಯಲ್ಲಿ ನೋಡಿಯೇ ಕೊಳ್ಳಬೇಕು. ವಿಮೆ ಮಾಡಿಸಿದ ಸೈಕಲ್ಲು ಕಳೆದುಹೋದರೆ ಹಲವು ಕಂಪನಿಗಳು ಬೀಗದ ಎರಡೂ ಅಸಲಿ ಕೀಲಿಗಳನ್ನು ತೋರಿಸಿ ಎನ್ನುತ್ತವೆ. ಕೀಲಿ ಬೀಗದಲ್ಲೇ ಮರೆತಿದ್ದವನ ಕೈಯಲ್ಲಿ ಉಳಿಯುವುದು ಒಂದೇ ಒಂದು.

ಸೆಂಟ್ರಲ್ ನಿಲ್ದಾಣದೆದುರಿನ ನೀರನ್ನು ಬರಿದು ಮಾಡಿ, ಅದರಡಿಯಲ್ಲಿ ಸುಮಾರು 7,000 ಸೈಕಲ್ಲುಗಳ ತಂಗುದಾಣ ಕಟ್ಟಿ, ಮತ್ತೆ ಮೇಲೆ ನೀರು ತುಂಬಿಸಿದರು. 2023ರ ಜನವರಿಯಲ್ಲಿ ಅದು ತೆರೆಯಿತು. ಒಳಗೆ ಕಾವಲಿದೆ, ಮೊದಲ 24 ಗಂಟೆಗೆ ಕಾಸಿಲ್ಲ. ಆದರೂ ಸೈಕಲ್ ನಿಲ್ಲಿಸಿದವರು ಹಿಂಚಕ್ರದತ್ತ ಬಾಗಿ ಬೀಗ ಒತ್ತಿ, ಕೀಲಿಯನ್ನು ಜೇಬಿಗೆ ಇಳಿಸಿಯೇ ರೈಲಿನತ್ತ ಓಡುತ್ತಾರೆ.