ಮದ್ದೂರು ಬಿಡಿ, ಮಳವಳ್ಳಿ ಕಡೆ ತಿರುಗಿಸಿ

ಡಿಶ್ ಕೂರಿಸೋ ಹುಡುಗ ಹೋದ ಮೇಲೆ ನಾವ್ಯಾರೂ ಆ ತಟ್ಟೆಯ ಕಡೆ ತಿರುಗಿ ನೋಡಲ್ಲ. ಬೆಂಗಳೂರಲ್ಲಿ ವೈಫೈ ಇರೋರಿಗೆ ಅದರ ಅಗತ್ಯವೂ ಇಲ್ಲ. ಆದರೆ ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದಾರಾ? ಹಾಗಾದರೆ ಇದನ್ನು ಕಲಿತಿರೋದು ಒಳ್ಳೇದು.

ಮಂಡ್ಯದ ಪಕ್ಕದ ನಮ್ಮ ಹಳ್ಳಿಯಲ್ಲಿ ಮೊದಲಿದ್ದದ್ದು ಮೀನಿನ ಮುಳ್ಳಿನಂಥ ಆಂಟೆನಾ. ಅದರ ಮುಖ ಮದ್ದೂರಿನ ಕಡೆಗೆ, ಅಂದರೆ ಬೆಂಗಳೂರಿನ ಟವರ್ ಕಡೆಗೆ. ಅಪ್ಪ ಮೇಲೆ ಕಂಬ ತಿರುಗಿಸೋರು, ಅಮ್ಮ ಟಿವಿ ಮುಂದೆ ಕೂತಿರೋರು, ನಡುವೆ ಕೂಗು ದಾಟಿಸೋಕೆ ಅಂಗಳದಲ್ಲಿ ನಾನು. ‘ಬಂತಾ?’ ‘ವಸಿ ಬಂತು!’ ಅರ್ಧ ಬಂದರೂ ಸರಿ, ಇರುವೆ ಮುತ್ತಿದ ಚಿತ್ರದಲ್ಲೇ ಸಿನಿಮಾ ನೋಡಿ ಮುಗಿಸ್ತಿದ್ವಿ.

ಈಗಿರೋದು ಡಿಡಿ ಫ್ರೀ ಡಿಶ್. 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅನ್ನೋ ಹೆಸರಲ್ಲಿ ಶುರುವಾಗಿದ್ದು. ತಿಂಗಳ ಬಾಡಿಗೆ ಇಲ್ಲ, ಚಂದನ ಬರುತ್ತೆ, ಅಪ್ಪನಿಗೆ ಅಷ್ಟು ಸಾಕು. ಸಿಗ್ನಲ್ ಕಳಿಸೋದು 2015ರಲ್ಲಿ ಹಾರಿಸಿದ ಜಿಸ್ಯಾಟ್-15. ಸಮಭಾಜಕ ವೃತ್ತದ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ಇಂಥ ಉಪಗ್ರಹಗಳನ್ನು ನಿಭಾಯಿಸೋ ಇಸ್ರೋ ಕೇಂದ್ರ ಇರೋದು ಪಕ್ಕದ ಹಾಸನದಲ್ಲೇ. ಮಂಡ್ಯದಿಂದ ನೋಡಿದರೆ ಅದು ಆಗ್ನೇಯಕ್ಕೆ, ದಿಕ್ಸೂಚಿಯಲ್ಲಿ ಸುಮಾರು 126 ಡಿಗ್ರಿ. ನಮ್ಮೂರ ಭಾಷೇಲಿ ಹೇಳೋದಾದರೆ, ಮದ್ದೂರು ಬಿಡಿ, ಮಳವಳ್ಳಿ ಕಡೆ ತಿರುಗಿಸಿ.

ಬಾಕ್ಸಿನ ಮೆನುವಿನಲ್ಲಿ ಎರಡು ಗೆರೆ ಕಾಣುತ್ತೆ: ಸ್ಟ್ರೆಂತ್, ಕ್ವಾಲಿಟಿ. ಸ್ಟ್ರೆಂತ್ ತುಂಬಿದೆ ಅಂತ ಖುಷಿಪಡಬೇಡಿ. ಡಿಶ್ ಎತ್ತಲೋ ನೋಡ್ತಿದ್ದರೂ ಅದು ತುಂಬಿರಬಹುದು. ಕ್ವಾಲಿಟಿ ಬಂದರೇನೇ ಚಿತ್ರ. ಒಂದೆರಡು ಡಿಗ್ರಿ ತಪ್ಪಿದರೂ ಸೊನ್ನೆ. ಕೂದಲೆಳೆಯಷ್ಟು ತಿರುಗಿಸಿ, ನಿಲ್ಲಿಸಿ, ಎರಡು ಮೂರು ಸೆಕೆಂಡ್ ಕಾಯಬೇಕು. ಬಾಕ್ಸಿಗೆ ಅಷ್ಟು ಹೊತ್ತು ಬೇಕು.

ಅಮ್ಮ ಹೋಗಿ ನಾಲ್ಕು ವರ್ಷ. ಅಪ್ಪನ ಜೊತೆ ದಿನಾ ಫೋನಲ್ಲಿ ಮಾತಾಡ್ತೀನಿ. ಊಟ ಆಯ್ತು, ಮಳೆ ಬಂತು, ನಾಲೆಗೆ ನೀರು ಬಿಟ್ರು, ಎಲ್ಲಾ ಹೇಳ್ತಾರೆ. ಟಿವಿ ಬರದೆ ಮೂರು ವಾರ ಆಗಿದ್ದು ಮಾತ್ರ ನನಗೆ ಗೊತ್ತಾಗಿದ್ದು ಪಕ್ಕದ ಮನೆಯವರಿಂದ. ಕೋತಿ ಹಾರಿ ಡಿಶ್ ವಾಲಿತ್ತಂತೆ. ಯಾಕೆ ಹೇಳಲಿಲ್ಲ ಅಂದರೆ, ‘ಮ್ಯಾಲೊಬ್ರು ಕೆಳಗೊಬ್ರು ಬೇಕಲ್ಲಪ್ಪ, ಯಾರ್ನ ಕೂಗನ?’ ಅಂದ್ರು.

ಶನಿವಾರ ಹೋದೆ. ಈ ಸಲ ತಾರಸಿ ಮೇಲೆ ನಾನು, ಟಿವಿ ಮುಂದೆ ಅಪ್ಪ. ‘ಸೊನ್ನೆ... ಸೊನ್ನೆ... ತಡಿ ತಡಿ, ಎಪ್ಪತ್ತು!’ ಬೋಲ್ಟ್ ಬಿಗಿ ಮಾಡಿ, ಕಂಬಕ್ಕೂ ಕ್ಲಾಂಪಿಗೂ ಸೇರಿಸಿ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದೆ. ಎತ್ತರದ ಬೋಲ್ಟಿನ ಹತ್ತಿರ ಇನ್ನೊಂದು. ನೀವೂ ಮರೆಯದೆ ಎಳೆಯಿರಿ. ಮುಂದೆ ಅಲುಗಾಡಿದರೆ ಗೆರೆಗೆ ಗೆರೆ ಸೇರಿಸಿದರಾಯ್ತು, ಕೆಳಗಿಂದ ಯಾರೂ ಕೂಗಬೇಕಿಲ್ಲ. ನಮ್ಮ ತಾರಸಿಗೆ ಮೆಟ್ಟಿಲಿದೆ, ಡಿಶ್ ಇರೋದು ಸೊಂಟದೆತ್ತರದಲ್ಲಿ. ಅಪ್ಪ ಒಬ್ಬರೇ ಮಾಡಬಹುದು.

ಇದನ್ನೆಲ್ಲ ಅವರಿಗೆ ತೋರಿಸಿದೆ. ಗೆರೆ ನೋಡಿದರು, ನನ್ನ ನೋಡಿದರು. ‘ಅಂಗಾರೆ ಇನ್ಮೇಲೆ ನೀನು ಬರಂಗಿಲ್ವಾ?’

ಬಣ್ಣ ಒಣಗಿದೆಯಾ ನೋಡೋಕೆ ಮುಂದಿನ ವಾರವೇ ಬರ್ತೀನಿ ಅಂದೆ.