ಸೋತ ಹೃದಯಕ್ಕ ನಿಧಾನದ ಗುಳಿಗಿ ಯಾಕ?

1/4

ಹೋದ ಸರಣಿಯಲ್ಲಿ ಬಾದಾಮಿಯ ಮೇಣಬಸದಿ ಫೋಟೋ ನೋಡಿ ಖುಷಿಪಟ್ಟವರೆಲ್ಲ ಇವತ್ತು ಸ್ವಲ್ಪ ತಾಳ್ಮೆ ಇಟ್ಕೊಳ್ರಿ. ಇವತ್ತಿನ ಫೋಟೋ ಇಳಕಲ್‌ನ ನಮ್ಮ ಅಜ್ಜನ ಕುಣಿಮಗ್ಗ. ಅರ್ಧ ನೇಯ್ದ ಸೀರೆ ಕಾಣ್ತದಲ್ಲ, ಅದರ ಪಕ್ಕದ ಗೂಡಿನೊಳಗೆ ಒಂದು ಗುಳಿಗೆ ಪಾಕೀಟು ಇದೆ. ಇವತ್ತಿನ ಮಾತು ಆ ಪಾಕೀಟಿನದು.

ಅಜ್ಜನಿಗೆ ಹಾರ್ಟ್ ಫೇಲ್ಯೂರ್. ಹೃದಯ ನಿಂತುಹೋಗಿದೆ ಅಂತ ಅಲ್ಲ, ರಕ್ತ ತಳ್ಳುವ ಶಕ್ತಿ ಕಡಿಮೆ ಆಗಿದೆ ಅಂತ ಅರ್ಥ. ಕೊಟ್ಟ ಗುಳಿಗೆಗಳಲ್ಲಿ ಒಂದು ಮೆಟೊಪ್ರೊಲಾಲ್. ಅದು ಬೀಟಾ ಬ್ಲಾಕರ್, ಹೃದಯದ ಬಡಿತ ನಿಧಾನ ಮಾಡ್ತದೆ. ಅಜ್ಜ ಒಂದು ದಿನ ಲಾಳಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದ: "ಯವ್ವಾ, ಹೃದಯ ಸೋತೈತಿ ಅಂತೀರಿ. ಸೋತ ಎತ್ತಿಗೆ ಮೇವು ಹಾಕಬೇಕೋ, ಮೂಗುದಾಣ ಜಗ್ಗಬೇಕೋ?"

ನಾನು ಎರಡನೇ ವರ್ಷದ ಎಂಬಿಬಿಎಸ್. ಉತ್ತರ ಬರಬೇಕಿತ್ತು. "ಪುಸ್ತಕದಾಗ ಹಂಗ ಐತಿ ಅಜ್ಜಾ" ಅಂದೆ.

ಅಜ್ಜ ಮರು ಮಾತಾಡಲಿಲ್ಲ. ಆದರೆ ಯಾರಿಗೂ ಹೇಳದೆ ಆ ಗುಳಿಗೆ ಬಿಟ್ಟುಬಿಟ್ಟ. ಕೆಲವೇ ದಿನಗಳಲ್ಲಿ ಪಾದ ಬಾತವು, ರಾತ್ರಿ ಮಲಗಿದರೆ ಉಸಿರು ಕಟ್ಟೋದು, ದಿಂಬಿಗೆ ಒರಗಿ ಕೂತೇ ಬೆಳಗು ಮಾಡಿದ. ಒಂದು ನಡುರಾತ್ರಿ ಹುನಗುಂದ, ಅಮೀನಗಡ ದಾಟಿ ಬಾಗಲಕೋಟೆಗೆ ಗಾಡಿಯಲ್ಲಿ ಕರೆದುಕೊಂಡು ಬಂದರು. ಉಳಿದ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಾಗ ನನ್ನ ತಲೆಯಲ್ಲಿ ಒಂದೇ ಮಾತು: ಅವನು ಕೇಳಿದ್ದು ಸರಿಯಾದ ಪ್ರಶ್ನೆ, ನಾನು ಕೊಟ್ಟಿದ್ದು ಉತ್ತರವೇ ಅಲ್ಲ.

2/4

ಕ್ಲಾಸ್‌ಮೇಟ್ಸ್, ಪರೀಕ್ಷೆಗೆ ನಾವೆಲ್ಲ ಬಾಯಿಪಾಠ ಮಾಡಿದ ಆ ಬಾಣದ ಗುರುತುಗಳು ನೆನಪಿವೆಯಾ? ಅಡ್ರಿನಲಿನ್ ಬಂದು ಹೃದಯಕೋಶದ ಹೊರಗಿನ ಬೀಟಾ ರಿಸೆಪ್ಟರ್‌ಗೆ ಅಂಟುತ್ತದೆ. ಒಳಗೆ ಸೈಕ್ಲಿಕ್ ಎಎಂಪಿ ಅನ್ನೋ ಪುಟ್ಟ ಅಣು ತಯಾರಾಗ್ತದೆ. ಅದು ಪಿಕೆಎ ಅನ್ನೋ ಕಿಣ್ವವನ್ನು ಎಬ್ಬಿಸ್ತದೆ. ಪಿಕೆಎ ಹೋಗಿ ಕ್ಯಾಲ್ಸಿಯಂ ಬಾಗಿಲು ತೆರೆಸ್ತದೆ, ಹೃದಯ ಜೋರಾಗಿ ಬಡಿತದೆ. ಈ ಅಣುವನ್ನು 1950ರ ದಶಕದಲ್ಲಿ ಗುರುತಿಸಿದವರು ಅರ್ಲ್ ಸದರ್ಲೆಂಡ್. ಅವರಿಗೆ 1971ರಲ್ಲಿ ನೊಬೆಲ್ ಬಂತು.

ಬಾಣಗಳು ಸರಿಯಾಗೇ ಇವೆ. ಆದರೆ ಆ ಚಿತ್ರದಲ್ಲಿ ಕೋಶ ಅಂದರೆ ಬರೀ ಒಂದು ನೀರಿನ ಹಂಡೆ. ಒಂದು ಮುಷ್ಟಿ ಸಕ್ಕರೆ ಹಾಕಿದರೆ ಇಡೀ ಹಂಡೆ ಸಿಹಿ ಆಗಬೇಕು.

ಹಾಗಾಗಲ್ಲ ಅನ್ನೋ ಸುಳಿವು 1979-80ರ ಸುಮಾರಿಗೇ ಸಿಕ್ಕಿತ್ತು. ಲಾರೆನ್ಸ್ ಬ್ರಂಟನ್ ಮತ್ತು ಸಂಗಡಿಗರು ಪ್ರಾಣಿಗಳ ಹೃದಯದ ಮೇಲೆ ಎರಡು ವಸ್ತು ಪ್ರಯೋಗ ಮಾಡಿದರು: ಅಡ್ರಿನಲಿನ್ ತರಹದ ಐಸೊಪ್ರೊಟೆರಿನಾಲ್, ಇನ್ನೊಂದು ಪ್ರೊಸ್ಟಗ್ಲಾಂಡಿನ್ ಇ1. ಎರಡರಿಂದಲೂ ಸೈಕ್ಲಿಕ್ ಎಎಂಪಿ ಏರಿತು. ಆದರೆ ಹೃದಯ ಜೋರಾಗಿ ಹಿಂಡಿದ್ದು ಮೊದಲನೆಯದಕ್ಕೆ ಮಾತ್ರ.

ಅದೇ ಅಣು ಏರಿದರೂ ಫಲ ಬೇರೆ. ಅಂದರೆ ಅಣು ಎಷ್ಟು ಹುಟ್ಟಿತು ಅನ್ನೋದರ ಜೊತೆಗೆ ಎಲ್ಲಿ ಹುಟ್ಟಿತು ಅಂತಲೂ ಕೇಳಬೇಕು. ನವನಗರದವರಿಗೆ ಇದು ಬೇಗ ತಿಳೀತದೆ. ಮನೆ ನಂಬರ್ ಒಂದೇ ಹೇಳಿದರೆ ಕೊರಿಯರ್ ಹುಡುಗ ಎಲ್ಲಿಗೆ ಹೋಗಬೇಕು? ಸೆಕ್ಟರ್ ಹೇಳ್ರಿ!

3/4

ಹಾಗಾದರೆ ಕೋಶದೊಳಗೆ ಸೆಕ್ಟರ್ ಮಾಡೋರು ಯಾರು? ಗೋಡೆ ಅಂತೂ ಇಲ್ಲ. ಮೂರು ವ್ಯವಸ್ಥೆ ನೆನಪಿಡ್ರಿ.

ಒಂದು, ಓಣಿಗಳು. ಹೃದಯಕೋಶದ ಹೊರಪದರ ಬರೀ ಹೊರಗೆ ಇರಲ್ಲ. ಸುಮಾರು 2 ಮೈಕ್ರೋಮೀಟರಿಗೊಂದರಂತೆ ಸಣ್ಣ ಕೊಳವೆಯಾಗಿ ಒಳಗೆ ಇಳಿದಿರ್ತದೆ. ಇವೇ ಟಿ-ಟ್ಯೂಬ್ಯೂಲ್. ಇದರಿಂದ ರಿಸೆಪ್ಟರ್ ಮತ್ತು ಕ್ಯಾಲ್ಸಿಯಂ ಬಾಗಿಲು ಎದುರುಬದುರು ಮನೆಯವರ ಹಾಗೆ ಹತ್ತಿರ ಇರ್ತವೆ.

ಎರಡು, ಕೊಂಡಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸ್ತಾರೆ. ಕೋಶದೊಳಗೆ ಎಕೆಎಪಿ ಅನ್ನೋ ಪ್ರೋಟೀನುಗಳು ಇದೇ ಕೆಲಸ ಮಾಡ್ತವೆ. ಪಿಕೆಎಯನ್ನು ಅಡ್ಡಾಡಲು ಬಿಡದೆ, ಅದು ಕೆಲಸ ಮಾಡಬೇಕಾದ ಜಾಗದಲ್ಲೇ ಕಟ್ಟಿಹಾಕ್ತವೆ.

ಮೂರು, ಕತ್ತರಿ. ಫಾಸ್ಫೋಡೈಎಸ್ಟರೇಸ್ ಅನ್ನೋ ಕಿಣ್ವಗಳು ದೂರ ಹೊರಟ ಸೈಕ್ಲಿಕ್ ಎಎಂಪಿಯನ್ನು ದಾರಿಯಲ್ಲೇ ಕತ್ತರಿಸ್ತವೆ. ಹೀಗಾಗಿ ಈ ಓಣಿಯ ಮಾತು ಮುಂದಿನ ಓಣಿಗೆ ಸುಲಭಕ್ಕೆ ಹೋಗಲ್ಲ.

2002ರಲ್ಲಿ ಮನುಯೆಲಾ ಜಕೋಲೊ ಮತ್ತು ತುಲ್ಲಿಯೊ ಪೊಜಾನ್ ಇದನ್ನು ಕಣ್ಣಿಗೇ ತೋರಿಸಿದರು. ಸೈಕ್ಲಿಕ್ ಎಎಂಪಿ ತಾಗಿದರೆ ಬೆಳಕಿನ ಬಣ್ಣ ಬದಲಾಗುವ ಪ್ರೋಟೀನನ್ನು ಇಲಿಮರಿಯ ಹೃದಯಕೋಶದೊಳಗೆ ಇಟ್ಟರು. ಪ್ರಚೋದನೆ ಕೊಟ್ಟಾಗ ಇಡೀ ಕೋಶ ಒಂದೇ ಸಮ ಬದಲಾಗಲಿಲ್ಲ. ಅಲ್ಲಲ್ಲಿ ಪಟ್ಟಿ ಪಟ್ಟಿಯಾಗಿ ಬದಲಾಯಿತು. ಕತ್ತರಿ ಕಿಣ್ವಗಳನ್ನು ಔಷಧದಿಂದ ತಡೆದ ಕೂಡಲೇ ಪಟ್ಟಿಗಳು ಕಲಸಿಹೋದವು.

4/4

ಈಗ ಅಜ್ಜನ ಪ್ರಶ್ನೆಗೆ ಬರೋಣ.

ಆಲಮಟ್ಟಿ ಹಿನ್ನೀರು ಬಂದಾಗ ಹಳೇ ಬಾಗಲಕೋಟೆಯ ಎಷ್ಟೋ ಓಣಿ ಮುಳುಗಿದವು, ಮಂದಿ ನವನಗರದ ಸೆಕ್ಟರ್‌ಗಳಿಗೆ ಚದುರಿದರು. ಜನ ಅವರೇ, ವಿಳಾಸ ಬೇರೆ. ಸೋತ ಹೃದಯಕೋಶದಲ್ಲೂ ಟಿ-ಟ್ಯೂಬ್ಯೂಲ್ ಓಣಿಗಳು ಹಾಳಾಗ್ತವೆ. 2010ರಲ್ಲಿ ಜರ್ಮನಿ ಮತ್ತು ಲಂಡನ್ನಿನ ವಿಜ್ಞಾನಿಗಳು ಇಲಿಗಳಲ್ಲಿ ಇದನ್ನು ನೋಡಿದರು. ಆರೋಗ್ಯವಂತ ಕೋಶದಲ್ಲಿ ಬೀಟಾ-2 ರಿಸೆಪ್ಟರ್ ಓಣಿಯೊಳಗೇ ಇದ್ದು ಮೆಲ್ಲಗೆ ಮಾತಾಡ್ತಿತ್ತು. ಸೋತ ಕೋಶದಲ್ಲಿ ಅದು ಹೊರಗಿನ ಬಯಲಿಗೆ ಬಂದಿತ್ತು, ಅದರ ಸಂದೇಶ ಕೋಶದ ತುಂಬ ಹರಡ್ತಿತ್ತು.

ಅದರ ಮೇಲೆ, ಹೃದಯ ಸೋತಿದೆ ಅಂತ ದೇಹ ಹಗಲುರಾತ್ರಿ ಅಡ್ರಿನಲಿನ್ ಸುರೀತದೆ. ಓಣಿ ಇಲ್ಲದ ಊರಲ್ಲಿ ನಿಲ್ಲದ ಮೈಕ್ ಸೆಟ್ ಅಂತ ಇಟ್ಕೊಳ್ರಿ.

"ಮೇವು ಹಾಕೋಣ" ಅಂತ ಡಾಕ್ಟರುಗಳೂ ಒಮ್ಮೆ ಯೋಚಿಸಿದ್ದರು. ಮಿಲ್ರಿನೋನ್ ಗುಳಿಗೆ ಒಂದು ಬಗೆಯ ಕತ್ತರಿಯನ್ನು ತಡೆದು ಸೈಕ್ಲಿಕ್ ಎಎಂಪಿ ಹೆಚ್ಚಿಸ್ತದೆ. ತೀವ್ರ ಹಾರ್ಟ್ ಫೇಲ್ಯೂರ್ ಇದ್ದ 1,088 ಜನರ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಆ ಗುಳಿಗೆ ನುಂಗಿದವರಲ್ಲಿ ಸಾವು ಶೇ. 28ರಷ್ಟು ಹೆಚ್ಚು. ಬೀಟಾ ಬ್ಲಾಕರ್‌ಗೆ ಮಾತ್ರ ಬಹಳ ಡಾಕ್ಟರುಗಳು ಮೊದಲು ಒಪ್ಪುತ್ತಿರಲಿಲ್ಲ, ಸೋತ ಹೃದಯಕ್ಕೆ ಅದು ಕೊಡಬಾರದು ಅಂತಿತ್ತು. 1999ರಲ್ಲಿ 3,991 ಜನರ ಮೆಟೊಪ್ರೊಲಾಲ್ ಅಧ್ಯಯನ ಬಂತು: ಸಾವು ಶೇ. 34ರಷ್ಟು ಕಡಿಮೆ. ಇದಕ್ಕೆಲ್ಲ ಕೋಶದೊಳಗಿನ ಓಣಿಗಳೊಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ ಸಂದೇಶ ಹೆಚ್ಚಾದಷ್ಟೂ ಒಳ್ಳೇದು ಅನ್ನೋ ಲೆಕ್ಕ ತಪ್ಪು ಅಂತ ಇವೆರಡೂ ಕಲಿಸಿದವು.

ಅಜ್ಜ ಮನೆಗೆ ಬಂದ ಮೇಲೆ ಮಗ್ಗದ ಹತ್ತಿರ ಕೂತು ಇದನ್ನೆಲ್ಲ ಹೇಳಿದೆ. ಕೊಂಡಿ ತೋರಿಸಿದೆ, ಮುಳುಗಿದ ಓಣಿ ನೆನಪು ಮಾಡಿದೆ. ಅಜ್ಜ ಬಹಳ ಹೊತ್ತು ಸುಮ್ಮನಿದ್ದು ಅಂದ: "ಅಂದ್ರ ಈ ಗುಳಿಗಿ ಎತ್ತಿನ ಮೂಗುದಾಣ ಜಗ್ಗೂದಿಲ್ಲ. ಹೊಡಿಯಾವನ ಕೈಯಾಗಿನ ಬಾರಕೋಲು ಕಸಗೋತೈತಿ. ಮೊದಲ ಹಿಂಗ ಹೇಳಬಾರದೇನ?"

ಹೌದು ಅಜ್ಜಾ, ಮೊದಲೇ ಹೇಳಬೇಕಿತ್ತು.

ಈಗ ಗುಳಿಗೆ ತಪ್ಪಿಸಲ್ಲ. ಆ ದಿನದಿಂದ ಮಗ್ಗದ ಗೂಡಿನಲ್ಲೇ ಇಡ್ತಾನೆ, ಕಣ್ಣಿಗೆ ಬೀಳಲಿ ಅಂತ. ನಿಮ್ಮ ಮನೆಯಲ್ಲೂ ಯಾರಾದರೂ ಈ ಗುಳಿಗೆ ತೊಗೋತಿದ್ದರೆ ತಾವಾಗೇ ಬಿಡಬ್ಯಾಡ್ರಿ, ಅನುಮಾನ ಇದ್ದರೆ ಡಾಕ್ಟರನ್ನೇ ಕೇಳ್ರಿ. ಕ್ಲಾಸ್‌ಮೇಟ್ಸ್, ನಮಗೂ ಒಂದು ಮಾತು. ಮನೆಯವರು "ಯಾಕ?" ಅಂದಾಗ "ಪುಸ್ತಕದಾಗ ಐತಿ" ಅಂತ ಮಾತ್ರ ಅನ್ನಬ್ಯಾಡ್ರಿ.

ನಿಮ್ಮ ಅಜ್ಜ, ಅಮ್ಮ ಕೇಳಿದ, ನಿಮಗೆ ಉತ್ತರ ಬರದ ಪ್ರಶ್ನೆ ಯಾವುದು? ಕೆಳಗೆ ಬರೀರಿ. ಮುಂದಿನ ಸರಣಿ ಅದರ ಮೇಲೇ.

#ಇಳಕಲ್ #ಬಾಗಲಕೋಟೆ #ಹೃದಯದಮಾತು #ಕನ್ನಡದಲ್ಲಿವಿಜ್ಞಾನ